ನಮ್ಮ ತಂದೆಯವರ ಕಷ್ಟಕಾಲದಲ್ಲಿ ಜೊತೆ ನಿಂತವರಿಗೆ

ಸೇಡಂ ಪಟ್ಟಣದಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತ ವ್ಯಾಪಾರಿಯೂ ಪುರಸಭೆಯ ಮಾಜಿ ಸದಸ್ಯರೂ ಆಗಿದ್ದ ನಮ್ಮ ತಂದೆಯವರು ಕಳೆದ ತಿಂಗಳು ಲಿಂಗೈಕ್ಯರಾದರು. ಅವರು ಕಲಬುರಗಿಯ ಆಸ್ಪತ್ರೆಗೆ ಸೇರಿದ ದಿನದಿಂದ ಶಿವಗಣಾರಾಧನೆಯವರೆಗೆ ನಮ್ಮ ಮನೆಯ ಭಾರವನ್ನು ಊರಿನವರೇ ಹೊತ್ತರು. ಒಬ್ಬೊಬ್ಬರ ಮನೆಗೂ ಬಂದು ಕೈಮುಗಿಯಲು ಸಾಧ್ಯವಾಗದ ಕಾರಣ ಕುಟುಂಬದ ಪರವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಹಮಾಲರಿಗೆ ನಮಸ್ಕಾರ. ತೊಗರಿ ರಾಶಿ ಮುಗಿದು ಚೀಲಗಳು ಬಂದು ಬೀಳುವ ಈ ದಿನಗಳಲ್ಲಿ ಕೆಲಸ ತಪ್ಪಿದರೆ ಕೂಲಿಯೂ ತಪ್ಪುತ್ತದೆ. ಆದರೂ ಅವರು ಸರದಿಯಂತೆ ಇಬ್ಬಿಬ್ಬರು ಸಂಜೆಯ ಬಸ್ಸಿಗೆ ಬಂದು, ಆಸ್ಪತ್ರೆಯ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿ, ಬೆಳಿಗ್ಗೆ ಕೆಲಸಕ್ಕೆ ಮರಳುತ್ತಿದ್ದರು. “ಸಾವ್ಕಾರ್ರು ತೂಕದಾಗ ಜಗಳಾ ಮಾಡ್ತಿದ್ರು, ಕೂಲ್ಯಾಗ ಎಂದೂ ಮಾಡಿಲ್ರಿ” ಎಂದು ಒಬ್ಬ ಹಿರಿಯ ಹಮಾಲರು ಹೇಳಿದರು. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲೇ ವರದಿಯಾಗಿ, ಮುಂದೆ ಲಾಕ್‌ಡೌನ್‌ನಿಂದ ದುಡಿಮೆ ನಿಂತಾಗ, ತಂದೆಯವರು ಇವರ ಮನೆಗಳಿಗೆ ಜೋಳ, ಬೇಳೆ ತೂಗಿಸಿ ಕಳಿಸಿದ್ದರು. ದಾನವೆಂದರೆ ಹಮಾಲರು ಒಪ್ಪುವುದಿಲ್ಲವೆಂದು ಅದನ್ನು ವಹಿಯಲ್ಲಿ ಮುಂಗಡವೆಂದೇ ಬರೆದರು. ವಸೂಲಿಗೆ ಮಾತ್ರ ಯಾರನ್ನೂ ಕೇಳಲಿಲ್ಲ.

2018ರ ಆಗಸ್ಟ್‌ನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆದರೂ, ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ನಮ್ಮ ತಂದೆಯವರೂ ಸೇರಿ ಗೆದ್ದವರು ಸುಮಾರು ಎರಡು ವರ್ಷ ಅಧಿಕಾರವಿಲ್ಲದೆ ಕಾದದ್ದು ಅನೇಕರಿಗೆ ನೆನಪಿರಬಹುದು. ಓಣಿಯ ಜನರಿಗೆ ಆ ವ್ಯಾಜ್ಯದಿಂದ ಆಗಬೇಕಾದ್ದೇನೂ ಇರಲಿಲ್ಲ. ಅವರು ನೇರವಾಗಿ ಅಂಗಡಿಗೇ ಬಂದರು. ಅಂದಿನಿಂದ ಗಾದಿಯ ಮೇಲೆ ಖಾತೆ ವಹಿಯ ಪಕ್ಕದಲ್ಲಿ ಕೆಂಪು ರಟ್ಟಿನ ಒಂದು ನೋಟ್‌ಬುಕ್ ಇರುತ್ತಿತ್ತು. “ಮಸೀದಿ ಓಣಿ, ನಳ ಬಂದಿಲ್ಲ”, “ಗಿರಣಿ ಎದುರು ಲೈಟ್ ಇಲ್ಲ”, “ಜನನ ಪತ್ರ, ತಾಯಿ ಹೆಸರು ತಪ್ಪು” ಎಂದು ಬರೆದಿಟ್ಟು, ಕೆಲಸವಾದ ಮೇಲೆ ಬಾಕಿ ಚುಕ್ತಾ ಆದಂತೆ ಅಡ್ಡ ಗೆರೆ ಎಳೆಯುತ್ತಿದ್ದರು. ಹೊತ್ತುಗೊತ್ತಿಲ್ಲದೆ ಬರುತ್ತಿದ್ದ ಅವರ ಫೋನುಗಳನ್ನು ಸಹಿಸಿಕೊಂಡ ಪುರಸಭೆಯ ಮುಖ್ಯಾಧಿಕಾರಿಗಳಿಗೆ, ಸಿಬ್ಬಂದಿಗೆ, ನೀರು ಬಿಡುವವರಿಗೆ, ಪೌರಕಾರ್ಮಿಕರಿಗೆ ನಾವು ಋಣಿ. ತಂದೆಯವರು ಬಜೆಟ್ ಸಭೆಯಲ್ಲಿ ಹೆಚ್ಚು ಮಾತಾಡಿದವರಲ್ಲ, ದೊಡ್ಡ ಯೋಜನೆ ತಂದವರೂ ಅಲ್ಲ. ನಳ, ಚರಂಡಿಯ ಮೆಂಬರ್ ಎಂದು ಗೆಳೆಯರು ಚುಡಾಯಿಸುತ್ತಿದ್ದರು. ನನಗಂತೂ ಅದು ಸರಿಯಾದ ಬಿರುದೆಂದೇ ಅನಿಸುತ್ತದೆ.

ಚುನಾವಣೆಯಲ್ಲಿ ತಂದೆಯವರ ಎದುರು ನಿಂತು ಸೋತಿದ್ದ ಹಿರಿಯರು, ರಕ್ತ ಬೇಕಾಗಿದೆ ಎಂದು ಗೊತ್ತಾದ ರಾತ್ರಿಯೇ ತಮ್ಮ ಕಡೆಯ ಹುಡುಗರನ್ನು ಜೀಪಿನಲ್ಲಿ ಕಳಿಸಿದರು. ಚುನಾವಣೆಯ ಮಾತುಗಳು ನಮ್ಮ ಮನೆಯಲ್ಲಿ ಅಂದಿಗೇ ಮುಗಿದವು. ವೈದ್ಯರಿಗೆ, ದಾದಿಯರಿಗೆ, ದಿನವೂ ರೊಟ್ಟಿ, ಪಲ್ಯ ಕಟ್ಟಿ ಕಳಿಸಿದ ಓಣಿಯ ಅಕ್ಕ-ತಂಗಿಯರಿಗೆ, ಅಂತ್ಯಕ್ರಿಯೆಯ ದಿನ ಅಂಗಡಿಗಳನ್ನು ಮುಚ್ಚಿ ಬಂದ ವ್ಯಾಪಾರಿ ಬಂಧುಗಳಿಗೆ ಶರಣು.

ಅಂಗಡಿಯನ್ನು ಇನ್ನು ನನ್ನ ತಮ್ಮ ನಡೆಸುತ್ತಾನೆ. ಮಾಲು ಹಾಕಿ ಹಣ ಬರಬೇಕಾಗಿರುವ ರೈತರು ದಯವಿಟ್ಟು ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ತೆಗೆದುಕೊಂಡು ಬರಬೇಕು. ಪಟ್ಟಿ ಕಳೆದಿದ್ದರೂ ಚಿಂತೆಯಿಲ್ಲ, ವಹಿಯಲ್ಲಿ ಲೆಕ್ಕವಿದೆ. ನೋಟ್‌ಬುಕ್ಕಿನಲ್ಲಿ ಗೆರೆ ಬೀಳದೆ ಉಳಿದ ದೂರುಗಳನ್ನು ಬೇರೆ ಹಾಳೆಯಲ್ಲಿ ಬರೆದು ಪುರಸಭೆ ಕಚೇರಿಗೆ ಕೊಟ್ಟಿದ್ದೇವೆ. ಅದರ ಸ್ವೀಕೃತಿ ಅಂಗಡಿಯಲ್ಲಿದೆ, ಸಂಬಂಧಪಟ್ಟವರು ಬಂದು ನೋಡಬಹುದು.