ಟೇಬಲ್ ಬದಲಿಸಿದಿರಾ? ವ್ಯೂ ಕೂಡ ರಿಫ್ರೆಶ್ ಮಾಡಿ

ಎಲ್ಲರ ಗಮನಕ್ಕೆ. ನಿನ್ನೆ ಗ್ರಾಹಕರ ಟೇಬಲ್‌ನಿಂದ ಫ್ಯಾಕ್ಸ್ ಕಾಲಂ ತೆಗೆದು, ಕೊನೆಯಲ್ಲಿ ಇಮೇಲ್ ಸೇರಿಸಿದೆವು ಅಲ್ವಾ? ಇವತ್ತು ಅದರ ವ್ಯೂನಿಂದ (ಟೇಬಲ್‌ನ ಡೇಟಾ ತೋರಿಸಲು ಹೆಸರು ಕೊಟ್ಟು ಉಳಿಸಿಟ್ಟ ಕ್ವೆರಿ) ರಿಪೋರ್ಟ್ ತೆಗೆದರೆ ‘ಫ್ಯಾಕ್ಸ್’ ಕೆಳಗೆ ಊರಿನ ಹೆಸರು, ‘ಊರು’ ಕೆಳಗೆ ಇಮೇಲ್! ಎರರ್ ಮಾತ್ರ ಒಂದೂ ಬಂದಿಲ್ಲ. ಅದೇ ದೊಡ್ಡ ತಲೆನೋವು.

ನಮ್ಮ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ, ವ್ಯೂ ಒಳಗೆ ‘ಸೆಲೆಕ್ಟ್ ಸ್ಟಾರ್’ (ಎಲ್ಲ ಕಾಲಂ ಕೊಡು) ಅಂತ ಬರೆದಿದ್ದರೂ, ವ್ಯೂ ಮಾಡಿದ ದಿನದ ಕಾಲಂ ಪಟ್ಟಿಯೇ ಉಳಿದಿರುತ್ತದೆ. ಹಾಗಾಗಿ ಟೇಬಲ್ ಮುಟ್ಟಿದವರು ಅದನ್ನು ಬಳಸುವ ಪ್ರತಿ ವ್ಯೂಗೂ, ಆ ಪಟ್ಟಿಯನ್ನು ಹೊಸದು ಮಾಡುವ ‘ಎಸ್‌ಪಿ_ರಿಫ್ರೆಶ್‌ವ್ಯೂ’ ರನ್ ಮಾಡಿ. ವ್ಯೂ ಮೇಲೆ ವ್ಯೂ ಇದ್ದರೆ ಒಳಗಿನದು ಮೊದಲು. ಸ್ಕೀಮಾ ಬೈಂಡಿಂಗ್ (ವ್ಯೂವನ್ನು ಟೇಬಲ್‌ಗೆ ಕಟ್ಟಿಹಾಕುವ ಆಯ್ಕೆ) ಇರುವ ವ್ಯೂಗಳಿಗೆ ಇದು ಬೇಕಿಲ್ಲ, ಅವು ಬಳಸುವ ಕಾಲಂ ತೆಗೆಯಲು ಬಿಡುವುದೇ ಇಲ್ಲ.

ಹೊಸ ವ್ಯೂಗಳಲ್ಲಿ ಸ್ಟಾರ್ ಬೇಡ, ಕಾಲಂ ಹೆಸರುಗಳನ್ನೇ ಬರೆಯಿರಿ. ನಾಲ್ಕು ಸಾಲು ಜಾಸ್ತಿಯಾಗುತ್ತದೆ, ಆಗಲಿ ಬಿಡಿ.