ಅಜ್ಜಿಯ ಪೂರ್ತಿ ಹೆಸರು

ಹಾಸನ
ಭಾನುವಾರ

ಮಗಾ,

ಪ್ರಾಜೆಕ್ಟ್ ಪುಸ್ತಕದ ಅರ್ಪಣೆ ಪುಟಕ್ಕೆ ಅಜ್ಜಿಯ ಪೂರ್ತಿ ಹೆಸರು ಬೇಕು ಅಂತ ಮೆಸೇಜ್ ಹಾಕಿದ್ದೆಯಲ್ಲ, ಎರಡು ದಿನ ಉತ್ತರ ಕೊಡಲಿಲ್ಲ ಅಂತ ಮುನಿಸಿಕೊಳ್ಳಬೇಡ. ಟ್ರಂಕು ತೆಗೆದು ಕಾಗದ ಹುಡುಕಿದೆ. ರೇಷನ್ ಕಾರ್ಡಿನಲ್ಲಿ ಪುಟ್ಟಮ್ಮ, ವೋಟರ್ ಕಾರ್ಡಿನಲ್ಲಿ ಪುಟ್ಟಲಕ್ಷ್ಮಿ. ಸಕಲೇಶಪುರದ ಕಡೆ ಇಪ್ಪತ್ತು ವರ್ಷ ಕಾಫಿ ಹಣ್ಣು ಕೊಯ್ದ ತೋಟದಲ್ಲಿ ಲೆಕ್ಕ ಬರೆಯೋ ರೈಟರು ಹಾಜರಿ ಕೂಗುತ್ತಿದ್ದದ್ದು ಬರೀ ಪುಟ್ಟಿ ಅಂತ.

ಅಜ್ಜಿಯನ್ನೇ ಕೇಳಬಹುದಿತ್ತು, ನಿಜ. ಕೇಳೋಕೆ ನಾಚಿಕೆಯಾಯ್ತು. ಹೆತ್ತ ತಾಯಿಯ ಹೆಸರು ಗೊತ್ತಿಲ್ಲ ಅಂತ ಹೇಗೆ ಬಾಯಿಬಿಡೋದು!

ಹೋದ ತಿಂಗಳು ಇಬ್ಬರೂ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಮೆಟ್ಟಿಲು ಹತ್ತೋಕೆ ಅವಳ ಮಂಡಿ ಬಿಡಲಿಲ್ಲ, ಊರೊಳಗಿನ ಅಕ್ಕನ ಬಸದಿಗೆ ಕರ್ಕೊಂಡು ಹೋದೆ. 'ಯಾವಕ್ಕ?' ಅಂದಳು. ಆಚಿಯಕ್ಕ. ಹೊಯ್ಸಳ ದೊರೆ ಎರಡನೇ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ. ಗಂಡ ಶಿವಭಕ್ತ, ಅವಳು ಜೈನಳು. 1181ರಲ್ಲಿ ಪಾರ್ಶ್ವನಾಥನಿಗೆ ಈ ಬಸದಿ ಕಟ್ಟಿಸಿದಳು. ಶಾಸನದಲ್ಲಿ ಹೆಸರು ಪೂರ್ತಿ ಇದೆ, ಜನರ ಬಾಯಲ್ಲಿ ಸವೆದು ಅಕ್ಕ ಅಷ್ಟೇ ಉಳೀತು. ಅಜ್ಜಿ ಗೋಡೆ ಸವರುತ್ತಾ, 'ಕಟ್ಸಿದೋಳ್ ಹೆಸ್ರನ್ನೂ ಅರ್ಧ ಮಾಡವ್ರೆ' ಅಂದಳು.

ಅವಳನ್ನು ನೆರಳಲ್ಲಿ ಕೂರಿಸಿ ನಾನೊಬ್ಬಳೇ ಚಿಕ್ಕಬೆಟ್ಟ ಹತ್ತಿದೆ. ಅಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ ಇದೆ. ಸವತಿಯರ ಪಾಲಿಗೆ ಮದದಾನೆ ಅಂತ ಅವಳ ಬಿರುದು. ನಾನಾಗಿದ್ದರೆ ಬಸದಿಗೆ ಬೇರೆ ಹೆಸರಿಡುತ್ತಿದ್ದೆ, ಇರಲಿ. ನನ್ನನ್ನು ಅಲ್ಲಿ ಕೂರಿಸಿದ್ದು ಮಾಚಿಕಬ್ಬೆ. ಶಾಂತಲೆಯ ತಾಯಿ. 1131ರಲ್ಲಿ ಶಿವಗಂಗೆಯಲ್ಲಿ ಮಗಳು ತೀರಿಕೊಂಡಳು. ಆಮೇಲೆ ಈ ತಾಯಿ ಬೆಳಗೊಳಕ್ಕೆ ಬಂದು ಅನ್ನ ನೀರು ಬಿಟ್ಟು ಸಲ್ಲೇಖನದಿಂದ ಪ್ರಾಣ ಬಿಟ್ಟಳು ಅಂತ ಶಾಸನ ಹೇಳುತ್ತೆ. ಓದಿ ಗೊತ್ತಿದ್ದ ವಿಷಯವೇ. ಆದರೂ ಅವತ್ತು ಬೆಟ್ಟದ ಮೇಲಿಂದಲೇ ನಿನಗೆ ಫೋನ್ ಮಾಡಿದ್ದೆ, 'ಊಟ ಆಯ್ತಾ' ಅಂತ. ಹನ್ನೊಂದು ಗಂಟೆಗೆ ಯಾರಮ್ಮ ಊಟ ಮಾಡ್ತಾರೆ ಅಂತ ನಗಾಡಿದೆ.

ಬೇಲೂರಿಗೆ ಸ್ಕೂಲಿನಿಂದ ಹೋದಾಗ ನೀನು, ಚೆನ್ನಕೇಶವನ ಗುಡಿ ವಿಷ್ಣುವರ್ಧನ ಕಟ್ಟಿಸಿದ್ದು ಅಂತ ಬರೆದುಕೊಂಡು ಬಂದಿದ್ದೆ, ನೆನಪಿದೆಯಾ? ಅದೇ ಅಂಗಳದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದ್ದು ಶಾಂತಲೆ. ಟೂರಿನವರು ಅದನ್ನು ದಾಟಿಕೊಂಡು ಮದನಿಕೆಯರ ಫೋಟೊ ತೆಗೆಯೋಕೆ ಓಡ್ತಾರೆ. ಆ ಮದನಿಕೆಯರ ಕಾಲ ಕೆಳಗೆ ದಾಸೋಜ, ಚಾವಣ ಅಂತ ಕೆತ್ತಿದವರ ಹೆಸರಿದೆ. ಕನ್ನಡಿ ಹಿಡಿದು ನಿಂತವಳು ಮಾತ್ರ ದರ್ಪಣಸುಂದರಿ. ಯಾವ ಹುಡುಗಿಯನ್ನು ನೋಡಿ ಕೆತ್ತಿದರೋ!

ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅಜ್ಜಿಗೆ ಟೀವಿ ತೋರಿಸಿದೆ. 'ಲಾಯರಮ್ಮ ಬರೀತಾರಾ?' ಅಂದು ತುಂಬಾ ಹೊತ್ತು ನೋಡುತ್ತಾ ಕೂತಳು.

ಅವಳಿಗೆ ಅಕ್ಷರ ಬರಲ್ಲ, ಲೆಕ್ಕ ಬರುತ್ತೆ. ತೋಟದ ಕೂಲಿಯವರ ಲೈನ್ ಮನೆಯ ಬಾಗಿಲ ಹಿಂದೆ ಮೊಳೆಗೆ ಒಂದು ನೂಲು ನೇತು ಹಾಕಿರ್ತಿದ್ದಳು. ಕೆಲಸಕ್ಕೆ ಹೋದ ದಿನಕ್ಕೊಂದು ಗಂಟು, ಅರ್ಧ ಹಾಜರಿಗೆ ಸಡಿಲ ಗಂಟು. ಒಂದು ಬಟವಾಡೆ ದಿನ ರೈಟರು ಎರಡು ಹಾಜರಿ ಕಮ್ಮಿ ಓದಿದ. ಇವಳು ಸೆರಗಿನಿಂದ ನೂಲು ಬಿಚ್ಚಿ ಅವನ ಪುಸ್ತಕದ ಮೇಲೆ ಹಾಸಿ, 'ನೀನೂ ಎಣ್ಸು' ಅಂದಳು. ಅವನ ಬೆರಳು ಗಂಟಿಂದ ಗಂಟಿಗೆ ಹೋಗಿದ್ದನ್ನು ನಾನು ಅವಳ ಸೀರೆ ಹಿಡಿದುಕೊಂಡು ನೋಡಿದ್ದೀನಿ. ದುಡ್ಡು ಕೊಟ್ಟ.

ನಿನ್ನೆ ರಾತ್ರಿ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಬೈತಾಳೇನೋ ಅಂದುಕೊಂಡಿದ್ದೆ. ಎಲೆಅಡಿಕೆ ಪಕ್ಕಕ್ಕಿಟ್ಟು ನೆಟ್ಟಗೆ ಕೂತು ಹೇಳಿದಳು: ಪುಟ್ಟಲಕ್ಷ್ಮಮ್ಮ. ಅವರಜ್ಜಿ ಇಟ್ಟ ಹೆಸರಂತೆ. ಪ್ರಿಂಟ್‌ಗೆ ಕೊಡುವಾಗ ಒತ್ತಕ್ಷರ ನೋಡ್ಕೋ, 'ಕ್ಷ್ಮ' ಬರೋ ಕಡೆ ತಪ್ಪು ಮಾಡ್ತಾರೆ. ಪುಸ್ತಕ ಎರಡು ಕಾಪಿ ತಗೊಂಡು ಬಾ, ಒಂದು ಅವಳ ದಿಂಬಿನ ಕೆಳಗೆ ಹೋಗುತ್ತೆ.

ನಿನ್ನ
ಅಮ್ಮ