ಬೆಚ್ಚಗಿದ್ದ ಲಸಿಕೆ, ಅಭಿನಂದನೆಯ ಮೆಸೇಜು

ಕುವೆಂಪುನಗರ, ಮೈಸೂರು
ಏಪ್ರಿಲ್ 21

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಏಪ್ರಿಲ್ 12ರಂದು ನಮ್ಮ ಮನೆಗೆ ಬಂದು ನಾಯಿಮರಿಗೂ ಬೆಕ್ಕಿಗೂ ಹಾಕಿದ ಲಸಿಕೆಯ ಬಗ್ಗೆ

ಮಾನ್ಯರೇ,

ಈ ವಿಷಯವಾಗಿ ನಿಮ್ಮ ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದ್ದೇನೆ. ಮೂರು ಸಲವೂ ಬೇರೆ ಬೇರೆಯವರು ಎತ್ತಿದರು, ಮೂರು ಸಲವೂ ಕತೆಯನ್ನು ಮೊದಲಿಂದ ಹೇಳಬೇಕಾಯಿತು. ಸಿಕ್ಕಿದ್ದು ಒಂದೇ ಉತ್ತರ: "ನಮ್ಮ ವ್ಯಾಕ್ಸಿನ್ ಹಂಡ್ರೆಡ್ ಪರ್ಸೆಂಟ್ ಸೇಫ್ ಮೇಡಂ." ನಾನು ಕೇಳಿದ್ದು ಅದನ್ನಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಮ್ಮನೆಯಲ್ಲಿ ಬೋಂಡ ಅನ್ನುವ ನಾಯಿಮರಿ ಇದೆ. ಬೀದಿಯಲ್ಲಿ ಸಿಕ್ಕಿದ್ದು, ಲಸಿಕೆ ಹಾಕಿದಾಗ ಅದಕ್ಕೆ ಸುಮಾರು ಹತ್ತು ವಾರ. ಎರಡು ವರ್ಷದ ಬೆಕ್ಕು ಚಿನ್ನಿ ಇದ್ದಾಳೆ. ಬೆಕ್ಕನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರಿಗೇ ಗೊತ್ತು ಅದರ ಪಾಡು. ಹಾಗಾಗಿ ಮನೆಗೇ ಬಂದು ಹಾಕುತ್ತೇವೆ ಅಂತ ನೀವು ಹೇಳಿದಾಗ ನೆಮ್ಮದಿಯಾಯಿತು. ಹಲವು ರೋಗಗಳಿಗೆ ಒಂದೇ ಚುಚ್ಚಿನಲ್ಲಿ ಹಾಕುವ ಲಸಿಕೆಗಳಿವು: ಬೋಂಡನ ನೈನ್ ಇನ್ ಒನ್‌ಗೆ 950, ಚಿನ್ನಿಯ ತ್ರೀ ಇನ್ ಒನ್‌ಗೆ 900, ಮನೆಗೆ ಬರುವುದಕ್ಕೆ 500. ಒಟ್ಟು 2,350 ರೂಪಾಯಿ ಮೊದಲೇ ಕಟ್ಟಿದೆ.

ಬೆಳಿಗ್ಗೆ 11ಕ್ಕೆ ಬರುತ್ತೇವೆ ಅಂದವರು ಬಂದಿದ್ದು ಮಧ್ಯಾಹ್ನ 3.40ಕ್ಕೆ. ಅದನ್ನು ಬಿಟ್ಟುಬಿಡೋಣ, ಎಲ್ಲರಿಗೂ ತಡವಾಗುತ್ತದೆ. ಆದರೆ ಅಷ್ಟು ಹೊತ್ತು ಲಸಿಕೆ ಎಲ್ಲಿತ್ತು? ನಿಮ್ಮ ಹುಡುಗ ಸ್ಕೂಟರಿನ ಸೀಟು ಎತ್ತಿ ಒಂದು ಪ್ಲಾಸ್ಟಿಕ್ ಟಿಫಿನ್ ಡಬ್ಬಿ ತೆಗೆದರು. ಸೀಟು ಮುಟ್ಟಿದರೆ ಸುಡುತ್ತಿತ್ತು. ಡಬ್ಬಿಯಲ್ಲಿ ಒಂದೇ ಒಂದು ಜೆಲ್ ಪ್ಯಾಕು, ಪೂರ್ತಿ ಕರಗಿ ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡಿತ್ತು. ಅದರ ಪಕ್ಕ ಲಸಿಕೆಯ ಪುಟ್ಟ ಬಾಟಲಿಗಳು, ಜೊತೆಗೆ ಒಂದು ಮಜ್ಜಿಗೆ ಪ್ಯಾಕೆಟ್.

ನಮ್ಮಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿ ರಿಟೈರ್ ಆದವರು. ಪೋಲಿಯೊ ಭಾನುವಾರಗಳಂದು ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿದ್ದಾರೆ. ಅದರೊಳಗೆ ನಾಲ್ಕು ಐಸ್ ಪ್ಯಾಕು. ಮುಚ್ಚಳ ಸುಮ್ನೆ ತೆಗೆದರೂ ಬೈಯುತ್ತಿದ್ದರಂತೆ. ಅಮ್ಮ ಒಂದು ಬಾಟಲಿ ಎತ್ತಿ ಕೆನ್ನೆಗೆ ತಾಗಿಸಿ ನೋಡಿ, "ಇದು ಬೆಚ್ಚಗಿದೆಯಲ್ಲಪ್ಪಾ" ಅಂದರು. "ಏನೂ ಆಗಲ್ಲ ಅಮ್ಮಾ, ಎಲ್ಲಾ ಕಡೆ ಹೀಗೇ" ಅಂತ ಆತ ಪುಡಿಯಿದ್ದ ಬಾಟಲಿಗೆ ನೀರಿನಂಥದ್ದನ್ನು ಬೆರೆಸಿ ಚುಚ್ಚಿಯೇ ಬಿಟ್ಟರು. ನಾನು ಅಲ್ಲೇ ನಿಂತಿದ್ದೆ. ತಡೆಯಬೇಕಿತ್ತು. ಅರ್ಧ ದಿನ ರಜೆ ಹಾಕಿ ಕಾದಿದ್ದೆ, ಒಮ್ಮೆ ಮುಗಿದರೆ ಸಾಕು ಅನ್ನಿಸಿತ್ತು. ಅಷ್ಟು ತಪ್ಪು ನನ್ನದೂ ಹೌದು.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು ಅಂತ ಬಾಟಲಿಯ ಮೇಲೇ ಇರುತ್ತದೆ. ಪಾರ್ವೊ, ಡಿಸ್ಟೆಂಪರ್ ಅನ್ನುವ, ನಾಯಿಮರಿಗಳ ಜೀವ ತೆಗೆಯುವ ರೋಗಗಳ ಲಸಿಕೆಯಲ್ಲಿ ಇರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಶಾಖಕ್ಕೆ ಅದು ಸತ್ತರೆ ನಾವು ಚುಚ್ಚಿಸಿದ್ದು ಬರೀ ನೀರು. ನೋಡಿದರೆ ಗೊತ್ತಾಗಲ್ಲ, ಬಣ್ಣ ಬದಲಾಗಲ್ಲ, ವಾಸನೆ ಬರಲ್ಲ. ಗೊತ್ತಾಗುವುದು ಮರಿ ಕಾಯಿಲೆ ಬಿದ್ದ ಮೇಲೆ. ಹೋದ ವರ್ಷ ನಮ್ಮ ಬೀದಿಯಲ್ಲಿ ಮೂರು ಮರಿಗಳು ಪಾರ್ವೊ ಬಂದು, ರಕ್ತ ಭೇದಿಯಾಗಿ ವಾರದೊಳಗೆ ಹೋದವು. ಆ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೋಂಡ ಆಡುವುದು ಅದೇ ಮಣ್ಣಲ್ಲಿ.

ಇನ್ನು ಲಸಿಕೆ ಪುಸ್ತಕ. ಬಾಟಲಿಯ ಮೇಲಿನ ಸ್ಟಿಕ್ಕರ್ ಕಿತ್ತು ಪುಸ್ತಕದಲ್ಲಿ ಅಂಟಿಸುತ್ತಾರೆ ಅಲ್ವಾ? ಕಂಪನಿ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಅದರಲ್ಲೇ ಇರುವುದು. ನಮ್ಮ ಪುಸ್ತಕದಲ್ಲಿ ಆ ಜಾಗ ಖಾಲಿ. ಬಾಲ್ ಪೆನ್ನಲ್ಲಿ "9 ಇನ್ 1" ಅಂತ ಬರೆದಿದೆ, ಅಷ್ಟೇ. ಡಾಕ್ಟರ ಸಹಿ ಮತ್ತು ಸೀಲು ಪುಸ್ತಕ ಕೊಡುವಾಗಲೇ ಇದ್ದವು! ಬಂದವರು ಡಾಕ್ಟರಲ್ಲ, ಅದನ್ನು ಅವರೇ ಹೇಳಿದರು. ಹಾಗಾದರೆ ಬೋಂಡನನ್ನು ನೋಡದೆ ಸಹಿ ಹಾಕಿದ ಡಾಕ್ಟರ್ ಯಾರು? ಸೀಲಿನಲ್ಲಿ ನೋಂದಣಿ ಸಂಖ್ಯೆ ಮಸುಕಾಗಿದೆ. ಜ್ವರ ನೋಡಲಿಲ್ಲ, ಜಂತುಹುಳದ ಔಷಧಿ ಯಾವಾಗ ಹಾಕಿದ್ದು ಅಂತ ಕೇಳಲಿಲ್ಲ. ಮುಖ ಊದುವುದು, ವಾಂತಿ ಏನಾದರೂ ಆದರೆ ಅಂತ ಸ್ವಲ್ಪ ಹೊತ್ತು ಕೂರಲೂ ಇಲ್ಲ, ಐದು ನಿಮಿಷಕ್ಕೆ ಹೊರಟರು.

ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಅವತ್ತು ರಾತ್ರಿ ನೀವು ಕಳಿಸಿದ ಮೆಸೇಜಿಗೆ. "ಅಭಿನಂದನೆಗಳು! ಬೋಂಡನಿಗೆ ಈಗ ಪೂರ್ತಿ ರಕ್ಷಣೆ. ಮುಂದಿನ ಲಸಿಕೆ: ಒಂದು ವರ್ಷದ ನಂತರ."

ಸ್ವಾಮಿ, ಹತ್ತು ವಾರದ ಮರಿಗೆ ಒಂದೇ ಡೋಸಿಗೆ ಪೂರ್ತಿ ರಕ್ಷಣೆ ಹೇಗೆ? ತಾಯಿ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಇನ್ನೂ ಮೈಯಲ್ಲಿದ್ದರೆ ಆ ಶಕ್ತಿಯೇ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವ ಮರಿಯಲ್ಲಿ ಯಾವಾಗ ಕಡಿಮೆಯಾಗುತ್ತದೆ ಅಂತ ಹೇಳಲಾಗದು. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ದಾಟುವವರೆಗೆ ಹಾಕಿಸುವುದು. ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆ ಬೇರೆ. ನಿಮ್ಮ ಮೆಸೇಜು ನಂಬಿದ್ದರೆ ಬೋಂಡನಿಗೆ ಇನ್ನೊಂದು ವರ್ಷ ರೇಬಿಸ್ ಲಸಿಕೆಯೇ ಇಲ್ಲ. ಪಕ್ಕದ ಮನೆ ಮಕ್ಕಳು ದಿನಾ ಸಂಜೆ ಅವನ ಬಾಯಿಗೆ ಕೈ ಹಾಕಿಕೊಂಡೇ ಆಡುವುದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಿಗೂ ಔಷಧಿಯಿಲ್ಲ. ಇದೇ ಮೆಸೇಜು ಇನ್ನೆಷ್ಟು ಮನೆಗೆ ಹೋಗಿದೆಯೋ.

ಮೂರು ದಿನ ಬಿಟ್ಟು ಇಬ್ಬರನ್ನೂ ಸರ್ಕಾರಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಿನ್ನಿ ದಾರಿಯುದ್ದಕ್ಕೂ ಕಿರುಚಿದಳು. ಡಾಕ್ಟರ್ ಪುಸ್ತಕ ತಿರುಗಿಸಿ ನೋಡಿ, "ಸ್ಟಿಕ್ಕರೂ ಇಲ್ಲ, ತಂಪೂ ಇರಲಿಲ್ಲ ಅಂದರೆ ಇದನ್ನು ಹಾಕಿಸಿಯೇ ಇಲ್ಲ ಅಂದ್ಕೊಳ್ಳಿ" ಅಂದರು. ಮೇ ಮೊದಲ ವಾರ ಇಬ್ಬರಿಗೂ ಮತ್ತೆ ಹಾಕಬೇಕು. ಅಲ್ಲಿಯವರೆಗೆ ಬೋಂಡನನ್ನು ಗೇಟು ದಾಟಿಸಬೇಡಿ ಅಂದಿದ್ದಾರೆ. ಅವನು ಗೇಟಿನ ಕಂಬಿಯಲ್ಲಿ ಮೂತಿ ತೂರಿಸಿಕೊಂಡು ಕೂತಿರುತ್ತಾನೆ.

ನನಗೆ ಬೇಕಿರುವುದು ಇಷ್ಟು. ಆವತ್ತು ಹಾಕಿದ ಎರಡೂ ಲಸಿಕೆಗಳ ಕಂಪನಿ, ಬ್ಯಾಚ್ ಮತ್ತು ಎಕ್ಸ್‌ಪೈರಿ ಬರವಣಿಗೆಯಲ್ಲಿ ಕೊಡಿ. ಅವು ಯಾವ ಫ್ರಿಜ್ಜಿನಿಂದ ಎಷ್ಟು ಗಂಟೆಗೆ ಹೊರಟವು ಅಂತ ಹೇಳಿ. ಸಹಿ ಹಾಕಿದ ಡಾಕ್ಟರ ನೋಂದಣಿ ಸಂಖ್ಯೆ ತಿಳಿಸಿ. ಪೂರ್ತಿ 2,350 ರೂಪಾಯಿ ವಾಪಸ್ ಮಾಡಿ. ನಿಮ್ಮಲ್ಲಿ ಮರಿಗಳಿಗೆ ಲಸಿಕೆ ಹಾಕಿಸಿದವರಿಗೆಲ್ಲ ಸರಿಯಾದ ದಿನಾಂಕದ ಮೆಸೇಜು ಕಳಿಸಿ, ಅದರ ಒಂದು ಪ್ರತಿ ನನಗೂ ಇರಲಿ. ಬಂದ ಹುಡುಗನ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಐಸ್ ಪೆಟ್ಟಿಗೆ ಕೊಡದೆ ಬಿಸಿಲಲ್ಲಿ ಕಳಿಸಿದ್ದು ನೀವು.

15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಪಶುವೈದ್ಯ ಪರಿಷತ್ತಿಗೂ ಬರೆಯುತ್ತೇನೆ. ರಸೀದಿ, ಪುಸ್ತಕದ ಪುಟ, ನಿಮ್ಮ ಮೆಸೇಜು, ಟಿಫಿನ್ ಡಬ್ಬಿಯ ಫೋಟೊ ಜೊತೆಗಿಟ್ಟಿದ್ದೇನೆ.

ಇತಿ,
ಬೋಂಡ ಮತ್ತು ಚಿನ್ನಿಯ ಮನೆಯವರು

ವಿ.ಸೂ.: ಫೋನ್ ಮಾಡುವುದಾದರೆ ಸಂಜೆ 6ರ ಮೇಲೆ ಮಾಡಿ. ಅದಕ್ಕೂ ಮೊದಲು ಮಾಡಿದರೆ ಅಮ್ಮ ಎತ್ತುತ್ತಾರೆ. ಐಸ್ ಪ್ಯಾಕಿನ ಬಗ್ಗೆ ಅವರಿಗೆ ನಿಮ್ಮನ್ನು ಕೇಳುವುದು ಬೇರೆಯೇ ಇದೆ.